ದಣಿದ ಹೃದಯ ಚೇತರಿಸೀತು



ಬಾಣಂತಿಗೆ ಕಾಲು ಊದಿದೆ. ಮಲಗಿದರೆ ಉಸಿರು ಕಟ್ಟುತ್ತದೆ. "ನಿಶ್ಶಕ್ತಿ, ಹೋಗುತ್ತೆ ಬಿಡು" ಅಂತೀವಿ ನಾವು. ಹಾಗನ್ನಬಾರದು. ಹೆರಿಗೆಯ ಆಸುಪಾಸಿನಲ್ಲಿ ಕೆಲವರ ಹೃದಯ ಸೋಲುತ್ತದೆ. ಬೇಗ ತಿಳಿದರೆ ಎಷ್ಟೋ ಜನಕ್ಕೆ ಔಷಧಿಯಿಂದಲೇ ಗುಣವಾಗುತ್ತದೆ.

ಹೃದಯ ತೀರಾ ಸೋತರೆ? ಡಾಕ್ಟರು ಎದೆಯೊಳಗೆ ಸಣ್ಣ ಪಂಪು ಜೋಡಿಸುತ್ತಾರೆ. ರಕ್ತ ನೂಕುವ ಕೆಲಸ ಅದು ಮಾಡುತ್ತದೆ. ದಣಿದ ಎತ್ತಿನ ನೊಗ ಇಳಿಸುತ್ತೇವಲ್ಲ, ಹಾಗೆ ಹೃದಯದ ಹೊರೆ ಇಳಿಯುತ್ತದೆ.

ಇಂಗ್ಲೆಂಡಿನ ಹೇರ್‌ಫೀಲ್ಡ್ ಆಸ್ಪತ್ರೆಯಲ್ಲಿ ಡಾಕ್ಟರ್ ಮಗ್ದಿ ಯಾಕೂಬ್ ಮತ್ತು ಸಂಗಡಿಗರು ಹೃದಯ ಸೋತ 15 ಜನಕ್ಕೆ ಪಂಪಿನ ಜೊತೆ ಔಷಧಿಯನ್ನೂ ಕೊಟ್ಟರು. 11 ಜನರ ಹೃದಯ ಚೇತರಿಸಿತು. ಪಂಪು ತೆಗೆದರು. 2006ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಎಲ್ಲರಿಗೂ ಹೀಗಾಗದು. ಆದರೂ ಆಸೆ ಬಿಡಬೇಕಿಲ್ಲ. ಬಾಣಂತಿಗೆ ಉಸಿರು ಕಟ್ಟಿದರೆ ತಡ ಮಾಡೋದು ಬೇಡ. ಆಸ್ಪತ್ರೆಗೆ ಕರೆದೊಯ್ಯೋಣ.