ಹೊರಗಿನವರು ಅಂದ್ರೆ ಯಾರು? ಮಾರೋವಿಂಡ್ ಎರಡನೇ ಸಲ ಆಡಿದಾಗ



ಇವತ್ತಿನ ಮಾತು ಒಂದು ಹಳೇ ಗೇಮ್ ಬಗ್ಗೆ. ಹೆಸರು ಮಾರೋವಿಂಡ್. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೂರನೇ ಗೇಮು, ಬೆಥೆಸ್ಡಾ ಕಂಪನಿ 2002ರಲ್ಲಿ ತಂದದ್ದು. ನಿಮ್ಮಲ್ಲಿ ಸ್ಕೈರಿಮ್ ಆಡಿದವರು ತುಂಬಾ ಜನ ಇರ್ತೀರಿ. ಇದು ಅದೇ ಲೋಕದ ಹಳೆಯ ಕಥೆ ಅಂದ್ಕೊಳ್ಳಿ. ಗೇಮ್ ಆಡದೇ ಇರೋರಿಗೂ ಗೊತ್ತಾಗೋ ಹಾಗೆ ಹೇಳ್ತೀನಿ. ಕಥೆಯ ಕೆಲವು ಗುಟ್ಟುಗಳು ಹೊರಗೆ ಬರ್ತವೆ, ಆಡಬೇಕು ಅಂತಿರೋರು ಮೊದಲೇ ಎಚ್ಚರ.

ಮೊದಲನೇ ಸಲ ಎಂಜಿನಿಯರಿಂಗ್ ಓದುವಾಗ ಆಡಿದ್ದೆ. ಆಗ ಗಮನವೆಲ್ಲ ಕತ್ತಿ, ಕವಚ, ಲೆವೆಲ್ ಮೇಲೆ. ಈಗ ಪುಣೆಯಲ್ಲಿ ಕೆಲಸ, ಇಎಂಐ, ಆನ್‌ಕಾಲ್ ಎಲ್ಲದರ ನಡುವೆ ಎರಡನೇ ಸಲ ಆಡ್ತಿದ್ದೀನಿ. ಈ ಸಲ ಓಪನ್ ಎಂಡಬ್ಲ್ಯೂ ಮೇಲೆ. ಹಳೇ ಡೇಟಾ ಫೈಲುಗಳನ್ನ ಹಾಗೇ ಇಟ್ಟುಕೊಂಡು ಇಂಜಿನ್ ಮಾತ್ರ ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆದಿರೋ ಓಪನ್ ಸೋರ್ಸ್ ಪ್ರಾಜೆಕ್ಟ್ ಅದು. ಇಂಜಿನ್ ಹೊಸದಾದರೂ ಮುಖಗಳು ಹಳೇವೇ, ಮರದ ಗೊಂಬೆ ಥರ. ಆದರೂ ಈ ಲೋಕ ಇನ್ನೂ ಯಾಕೆ ನಿಜ ಅನ್ಸುತ್ತೆ? ನನ್ನ ಉತ್ತರ ಇಷ್ಟೇ: ಅದು ನಮಗೋಸ್ಕರ ಕಟ್ಟಿದ ಲೋಕ ಅನ್ಸಲ್ಲ. ನಾವು ಬರೋಕೆ ಮೊದಲೇ ಅಲ್ಲಿ ಜನ ಇದ್ರು, ಜಗಳ ಇತ್ತು, ಸುಳ್ಳೂ ಇತ್ತು. ನಾವು ಅಲ್ಲಿಗೆ ಹೊರಗಿನವರು.

ಶುರುವಿನಿಂದಲೇ ನೋಡಿ. ನೀವು ಹಡಗಿನಲ್ಲಿ ಬರೋ ಕೈದಿ. ಯಾವ ಅಪರಾಧಕ್ಕೆ ಅಂತ ಯಾರೂ ಹೇಳಲ್ಲ. ಸೇಡಾ ನೀನ್ ಅನ್ನೋ ಜೌಗು ನೆಲದ ಸಣ್ಣ ಬಂದರಲ್ಲಿ ಇಳಿಸ್ತಾರೆ. ಬೇರೆ ಗೇಮ್‌ಗಳಲ್ಲಿ ಪಾತ್ರ ರೂಪಿಸೋಕೆ ಮೆನು ಬರುತ್ತೆ. ಇಲ್ಲಿ ನಿಮ್ಮನ್ನ ಸೆನ್ಸಸ್ ಆಂಡ್ ಎಕ್ಸೈಸ್ ಆಫೀಸಿಗೆ ಕರ್ಕೊಂಡು ಹೋಗ್ತಾರೆ. ವಯಸ್ಸಾದ ಗುಮಾಸ್ತರೊಬ್ಬರು ನಿಮ್ಮ ಕಸುಬು ಏನು, ಯಾವ ರಾಶಿಯಲ್ಲಿ ಹುಟ್ಟಿದ್ದು ಅಂತ ಕೇಳಿ ಬರ್ಕೊಳ್ತಾರೆ. ಆ ಕಾಗದ ತಗೊಂಡು ಮುಂದಿನ ಅಧಿಕಾರಿಗೆ ಕೊಟ್ಟ ಮೇಲೇ ಬಿಡುಗಡೆ. ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ಹಿಡಿದು, ಅಗ್ರಿಮೆಂಟು, ಪೊಲೀಸ್ ವೆರಿಫಿಕೇಷನ್ ಅಂತ ಓಡಾಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದರಲ್ಲೇ ಒಂದು ಮಾಹಿತಿ ಇದೆ. ಈ ದ್ವೀಪವನ್ನ ಒಂದು ಸಾಮ್ರಾಜ್ಯ ಆಳ್ತಿದೆ, ಅದು ಜನರನ್ನ ಎಣಿಸುತ್ತೆ, ತೆರಿಗೆ ಹಾಕುತ್ತೆ. ಭಾಷಣ ಇಲ್ಲದೆ ಒಂದು ಮೇಜು, ಒಂದು ಫಾರ್ಮ್‌ನಲ್ಲಿ ಅದನ್ನ ತಿಳಿಸಿಬಿಟ್ರು.

ಆಚೆ ಬಂದರೆ ಅಲ್ಲಿನ ಮೂಲ ಜನ, ಡನ್ಮರ್‌ಗಳು. ಬೂದಿ ಬಣ್ಣದ ಚರ್ಮ, ಕೆಂಪು ಕಣ್ಣು. ನಿಮ್ಮನ್ನ ಕರೆಯೋದು ‘ಔಟ್‌ಲ್ಯಾಂಡರ್’ ಅಂತ. ಕನ್ನಡದಲ್ಲಿ ಹೊರನಾಡಿನವನು ಅನ್ನಬಹುದು. ನಮ್ಮನ್ನೂ ಹೊರನಾಡ ಕನ್ನಡಿಗರು ಅಂತಾರಲ್ಲ. ವ್ಯತ್ಯಾಸ ಏನಂದ್ರೆ, ನಮಗೆ ಆ ಹೆಸರು ಕೊಟ್ಟಿದ್ದು ನಮ್ಮೂರಿನವರು, ಪ್ರೀತಿಯಿಂದ. ಇಲ್ಲಿ ಅದು ಬರೋದು ಎದುರುಗಡೆಯಿಂದ, ಮೂಗು ಮುರಿದು.

ಆಮೇಲೆ ದಾರಿ ಹುಡುಕೋ ಪ್ರಶ್ನೆ. 2006ರ ಆಬ್ಲಿವಿಯನ್‌ನಿಂದ ಈಚೆಗೆ ಈ ಸರಣಿಯಲ್ಲಿ ಕಂಪಾಸ್ ಮೇಲೆ ಬಾಣ ತೋರಿಸ್ತಾರೆ, ಅದರ ಹಿಂದೆ ಓಡಿದರೆ ಆಯ್ತು. ಮಾರೋವಿಂಡ್‌ನಲ್ಲಿ ಆ ಬಾಣ ಇಲ್ಲ. ಬಾಲ್ಮೋರಾ ಊರಿಂದ ಹೊರಟು, ನದಿ ದಾಟಿ, ಸೈನಿಕರ ಕೋಟೆ ಪಕ್ಕ ಹಾದು, ಲಾವಾ ಹರಿದು ಮಾಡಿದ ಕಣಿವೆಯ ಮೇಲಿನ ಹಳೇ ಸೇತುವೆ ದಾಟು ಅಂತ ಬಾಯಲ್ಲಿ ಹೇಳ್ತಾರೆ, ಅಷ್ಟೇ. ಹೀಗಾಗಿ ಸೇತುವೆಯನ್ನ ಸೇತುವೆಯಾಗಿ ನೋಡಲೇಬೇಕು. ಊರಿಂದೂರಿಗೆ ಹೋಗೋಕೆ ಸಿಲ್ಟ್ ಸ್ಟ್ರೈಡರ್ ಅಂತ ಮನೆಗಿಂತ ಎತ್ತರದ ಹುಳ ಇದೆ, ಅದರ ಚಿಪ್ಪನ್ನ ಕೊರೆದು ಒಳಗೆ ಕೂರ್ತಾರೆ. ಅದೂ ಎಲ್ಲ ಊರಿಗೂ ಹೋಗಲ್ಲ. ಎಲ್ಲಿ ಇಳಿದು ದೋಣಿ ಹತ್ತಬೇಕು, ಎಲ್ಲಿ ಮಂತ್ರವಾದಿಗಳ ಸಂಘಕ್ಕೆ ದುಡ್ಡು ಕೊಟ್ಟು ಮಾಯವಾಗಬೇಕು ಅನ್ನೋದನ್ನ ನೀವೇ ಕಲೀಬೇಕು. ಮುಂಬೈಯಲ್ಲಿ ಸೆಂಟ್ರಲ್ ಲೈನಿಂದ ವೆಸ್ಟರ್ನ್‌ಗೆ ದಾದರ್‌ನಲ್ಲಿ ಬದಲಾಯಿಸೋದು ಕಲಿತ ಹಾಗೆ. ಕಲಿತ ದಿನದಿಂದ ಊರು ಸ್ವಲ್ಪ ನಮ್ಮದಾಗುತ್ತೆ.

ಅಲ್ಲಿನ ಮನೆಗಳನ್ನೂ ನೋಡಿ. ದ್ವೀಪದಲ್ಲಿ ಮೂರು ದೊಡ್ಡ ಮನೆತನ. ವ್ಯಾಪಾರಿ ಮನೆತನದವರದು ಮಣ್ಣಿನ ಗೋಡೆಯ ಚೌಕ ಮನೆಗಳು. ಯೋಧರ ಮನೆತನದ ಮುಖಂಡರು ಇರೋದು ದೈತ್ಯ ಏಡಿಯೊಂದರ ಒಣಗಿದ ಚಿಪ್ಪಿನೊಳಗೆ. ಮೂರನೇದು ಟೆಲ್ವಾನಿ, ಮಂತ್ರವಾದಿಗಳು. ಇವರು ಅಣಬೆ ಬೆಳೆಸಿ ಅದನ್ನೇ ಗೋಪುರ ಮಾಡ್ಕೊಂಡಿದ್ದಾರೆ. ಆ ಗೋಪುರಗಳಲ್ಲಿ ಮೇಲಿನ ಕೋಣೆಗಳಿಗೆ ಮೆಟ್ಟಿಲೇ ಇಲ್ಲ. ಒಡೆಯರಿಗೆ ಹಾರೋಕೆ ಬರುತ್ತೆ, ಮೆಟ್ಟಿಲು ಯಾಕೆ? ಹಾರೋಕೆ ಬರದವನು ತಮ್ಮನ್ನ ನೋಡಬೇಕಾದ ಅಗತ್ಯವೇ ಇಲ್ಲ ಅನ್ನೋದು ಅವರ ಲೆಕ್ಕ. ಆ ಮನೆತನದ ಸ್ವಭಾವ ತಿಳಿಯೋಕೆ ಇಲ್ಲದ ಆ ಮೆಟ್ಟಿಲೇ ಸಾಕು.

ಸಾಫ್ಟ್‌ವೇರ್‌ನವನಾಗಿ ನನಗೆ ತುಂಬಾ ಇಷ್ಟವಾದದ್ದು ಮಾತುಕತೆಯ ವ್ಯವಸ್ಥೆ. ಒಳಗಡೆ ಅದು ತುಂಬಾ ಸರಳ. ಪ್ರತಿ ವಿಷಯಕ್ಕೂ ಉತ್ತರಗಳ ಒಂದು ಪಟ್ಟಿ. ಪ್ರತಿ ಉತ್ತರಕ್ಕೂ ಷರತ್ತುಗಳು: ಮಾತಾಡ್ತಿರೋನ ಕುಲ ಯಾವುದು, ಯಾವ ಸಂಘದವನು, ಯಾವ ಊರು, ನಿಮ್ಮ ಮೇಲೆ ಅವನಿಗೆ ಎಷ್ಟು ಒಲವು. ಮೇಲಿಂದ ಕೆಳಗೆ ನೋಡ್ತಾ ಹೋಗಿ, ಮೊದಲು ಹೊಂದುವ ಉತ್ತರ ಕೊಡೋದು. ಇಫ್-ಎಲ್ಸ್ ಅಷ್ಟೇ. ಆದರೆ ಇದರ ಪರಿಣಾಮ ನೋಡಿ. ಒಂದೇ ಪ್ರಶ್ನೆಯನ್ನ ಅರ್ಚಕನಿಗೆ, ಸಿಪಾಯಿಗೆ, ಬೂದಿ ಬಯಲಲ್ಲಿ ಅಲೆಯೋ ಆಶ್‌ಲ್ಯಾಂಡರ್‌ಗೆ ಕೇಳಿದರೆ ಮೂರು ಉತ್ತರ. ಮೊದಲ ಸಲ ಇವನ್ನೆಲ್ಲ ಮಾಹಿತಿ ಅಂತ ಓದ್ತೀವಿ. ಎರಡನೇ ಸಲ, ಹೇಳ್ತಿರೋದು ಯಾರು ಅಂತ ನೋಡೋಕೆ ಶುರು ಮಾಡ್ತೀವಿ.

ಕಥೆಯ ತಿರುಳು ಇರೋದೇ ಇಲ್ಲಿ. ಸಾವಿರಾರು ವರ್ಷದ ಹಿಂದೆ ಕೆಂಪು ಬೆಟ್ಟದಲ್ಲಿ ಯುದ್ಧ ನಡೆದು, ಡನ್ಮರ್‌ಗಳ ನಾಯಕ ನೆರೆವಾರ್ ಸತ್ತ. ಹೇಗೆ ಸತ್ತ? ಗಾಯಗಳಿಂದ ಅನ್ನುತ್ತೆ ದೇವಸ್ಥಾನ. ಅವನ ಜೊತೆಗಿದ್ದ ಮೂವರೇ ಅಧಿಕಾರದ ಆಸೆಗೆ ಕೊಂದು, ಆಮೇಲೆ ದೇವರಾಗಿ ಕೂತರು ಅಂತಾರೆ ಆಶ್‌ಲ್ಯಾಂಡರ್‌ಗಳು. ಆ ಮೂವರಲ್ಲಿ ಒಬ್ಬ ವಿವೆಕ್. ಅವನು ಇನ್ನೂ ಬದುಕಿದ್ದಾನೆ, ತನ್ನ ಹೆಸರಿನ ನಗರದಲ್ಲೇ ಇದ್ದಾನೆ. ಅವನು ಆರೋಪ ಒಪ್ಪಲ್ಲ. ಖಳನಾಯಕ ಡಾಗೋತ್ ಉರ್ ಮಾತು ಕೇಳಿದರೆ, ಕೊನೇವರೆಗೂ ನಿಷ್ಠನಾಗಿದ್ದವನು ತಾನೇ. ಗೇಮ್ ಕೊನೆಗೂ ತೀರ್ಪು ಕೊಡಲ್ಲ.

ಇದು ಬರೀ ಪುಸ್ತಕದ ಚರ್ಚೆಯೂ ಅಲ್ಲ. ವಿವೆಕ್ ನಗರದ ಮೇಲೆ ಆಕಾಶದಿಂದ ಬಿದ್ದ ದೊಡ್ಡ ಬಂಡೆಯೊಂದು ಗಾಳಿಯಲ್ಲಿ ನಿಂತಿದೆ. ಬೀಳದಂತೆ ತಡೆದು ಹಿಡಿದಿರೋದು ವಿವೆಕ್‌ನ ಶಕ್ತಿ. ಬಂಡೆಯ ಒಳಗೆ ಜೈಲು. ದೇವಸ್ಥಾನದ ಇತಿಹಾಸವನ್ನ ಪ್ರಶ್ನಿಸಿದ ಅರ್ಚಕರನ್ನ ಅಲ್ಲಿ ಕೂಡಿ ಹಾಕ್ತಾರೆ. ಅದರ ಹೆಸರು ಮಿನಿಸ್ಟ್ರಿ ಆಫ್ ಟ್ರೂತ್, ಸತ್ಯದ ಇಲಾಖೆ. ತಲೆ ಮೇಲೆ ಅಂಥ ಬಂಡೆ ಇಟ್ಟುಕೊಂಡು ಕೆಳಗೆ ಜನ ಸಂತೆ ಮಾಡ್ತಾರೆ, ಪೂಜೆ ಮಾಡ್ತಾರೆ.

ಈಗ ಸ್ಕೈರಿಮ್‌ಗೆ ಬರೋಣ. ಅದು ಬಂದದ್ದು 2011ರಲ್ಲಿ, ಕಥೆಯ ಕಾಲ ಸುಮಾರು 200 ವರ್ಷ ಮುಂದೆ. ಈ ಮಧ್ಯೆ ಕೆಂಪು ಬೆಟ್ಟ ಸಿಡಿದು ದ್ವೀಪ ಹಾಳಾಗಿದೆ, ಡನ್ಮರ್‌ಗಳು ದಿಕ್ಕಾಪಾಲಾಗಿದ್ದಾರೆ. ಉತ್ತರದ ವಿಂಡ್‌ಹೆಲ್ಮ್ ನಗರಕ್ಕೆ ಕಾಲಿಟ್ಟ ತಕ್ಷಣ ಕಾಣೋದು ಇದು: ಸ್ಥಳೀಯರಿಬ್ಬರು ಒಬ್ಬ ಡನ್ಮರ್ ಹೆಂಗಸನ್ನ ತಡೆದು, ನಿಮ್ಮೂರಿಗೆ ಹೋಗಿ ಅನ್ನೋ ಧಾಟಿಯಲ್ಲಿ ಬೈತಿದ್ದಾರೆ. ಅವರಿಗೆ ಜಾಗ ಕೊಟ್ಟಿರೋದು ಗ್ರೇ ಕ್ವಾರ್ಟರ್ ಅನ್ನೋ ಪಾಳುಬಿದ್ದ ಕೇರಿಯಲ್ಲಿ. ಆ ಕೇರಿಯಲ್ಲಿ ಒಂದು ಹೋಟೆಲ್ ಇದೆ, ಹೆಸರು ‘ನ್ಯೂ ನಿಸಿಸ್ ಕಾರ್ನರ್‌ಕ್ಲಬ್’.

ಮೊದಲು ಸ್ಕೈರಿಮ್ ಆಡಿದವರಿಗೆ ಅದು ಬರೀ ಒಂದು ಬೋರ್ಡು. ಆದರೆ ನಿಸಿಸ್ ಮಾರೋವಿಂಡ್‌ನ ಒಂದು ಸಣ್ಣ ಊರು. ಬೂದಿಗಾಳಿ ಬೀಸೋ ಕಡೆ, ಪಕ್ಕದಲ್ಲೇ ಮೊಟ್ಟೆ ತೆಗೆಯೋ ಗಣಿ, ವಿವೆಕ್‌ನ ಮುಖವಾಡ ಇಟ್ಟಿರೋ ದೇವಸ್ಥಾನ. ಸೇಡಾ ನೀನ್‌ನಿಂದ ನೇರ ಸ್ಟ್ರೈಡರ್ ಇದೆ. ಈ ಸಲ ಆಡುವಾಗ ಯಾವ ಕ್ವೆಸ್ಟೂ ಇಲ್ಲದೆ ಅಲ್ಲಿಗೆ ಹೋಗಿ ಒಂದು ಸುತ್ತು ಹಾಕಿದೆ. ಅಲ್ಲಿಯ ಡನ್ಮರ್‌ಗಳು ಎಂದಿನಂತೆ ಔಟ್‌ಲ್ಯಾಂಡರ್ ಅಂದರು. ಅವರ ಮಕ್ಕಳು ಮೊಮ್ಮಕ್ಕಳು ಪರದೇಶದ ಹಿಮದಲ್ಲಿ ಕೂತು ಈ ಊರಿನ ಹೆಸರನ್ನ ಬೋರ್ಡಿಗೆ ಬರೆಸ್ತಾರೆ ಅಂತ ಗೊತ್ತಿದ್ದಾಗ, ಆ ಮಾತಿಗೆ ಕೋಪ ಬರಲ್ಲ. ಮುಂಬೈಯಿಂದ ದೆಹಲಿವರೆಗೆ ಹೋಟೆಲ್‌ಗಳ ಮೇಲೆ ಉಡುಪಿ ಅನ್ನೋ ಹೆಸರು ಓದಿರೋ ನಮಗೆ ಆ ಬೋರ್ಡಿನ ಅರ್ಥ ಬೇಗ ಆಗುತ್ತೆ. ಒಂದು ವ್ಯತ್ಯಾಸ ಇದೆ: ನಮಗೆ ರಜೆ ಹಾಕಿ ವಾಪಸ್ ಹೋಗೋಕೆ ಊರಿದೆ, ಅವರಿಗಿಲ್ಲ.

ಹೊರಗಿನವನು ಅನ್ನೋದು ಯಾವ ಜನಾಂಗದ ಗುಣವೂ ಅಲ್ಲ, ಅದು ಯಾರಿಗೆ ಬೇಕಾದರೂ ಬರಬಹುದಾದ ಪಾಳಿ. ಇದನ್ನ ಯಾವ ಪಾತ್ರವೂ ಬಾಯಿಬಿಟ್ಟು ಹೇಳಲ್ಲ. ಎರಡು ಗೇಮ್, ಒಂದು ಬೋರ್ಡು ಸೇರಿ ತಿಳಿಸ್ತವೆ. ಒಂದು ಸಲ ಆಡಿ ಬಿಟ್ಟರೆ ಇದು ಸಿಗಲ್ಲ, ಅದಕ್ಕೇ ಮತ್ತೆ ಆಡಬೇಕು ಅನ್ನೋದು.

ಗೇಮ್ ಸ್ಟೀಮ್, ಗಾಗ್ ಎರಡರಲ್ಲೂ ಸಿಗುತ್ತೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಆಡೋದಾದ್ರೆ ನನ್ನದೊಂದು ಮಾತು: ವಿಕಿ ತೆರೆದಿಟ್ಟುಕೊಂಡು ಆಡಬೇಡಿ. ದಾರಿ ತಪ್ಪಿದರೆ ಅಲ್ಲೇ ಯಾರನ್ನಾದರೂ ಕೇಳಿ. ಮೊದಲು ಮುಖ ಸಿಂಡರಿಸ್ತಾರೆ, ಆಮೇಲೆ ಹೇಳ್ತಾರೆ.