ಗೋಡೆ ಮೊದಲೇ ಹೇಳುತ್ತದೆ



ಆನೇಮಹಲಿನ ಸಮೀಪದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯಿದೆ. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ ಪೂರ್ಣಗೊಂಡ ಆ ಕಲ್ಲುಗೋಡೆಗಳು ಇನ್ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿವೆ. ಅದೇ ಮಳೆಗೆ ನಲವತ್ತು ವರ್ಷದ ಶಾಲಾಕೊಠಡಿ ಜಗ್ಗಿಹೋಗುವುದೇಕೆ?

ನಾನು ಎಂಜಿನಿಯರನಲ್ಲ, ಕನ್ನಡ ಪಾಠ ಹೇಳಿದವನು. ಆದರೂ ಮಲೆನಾಡಿನವರಿಗೆ ನೀರಿನ ಸ್ವಭಾವವನ್ನು ಬೇರೆಯವರು ಕಲಿಸಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಕ್ಕೂ ಹಬ್ಬಿದ ಆ ಇಳಿಜಾರು ಮಾಡಿನ ಗುಣವೆಂದರೆ, ಅದರ ಮೇಲೆ ನೀರು ನಿಲ್ಲದು. ಆದರೆ ಮಂಗ ಹಾರಿ ಒಂದು ಹೆಂಚು ಸರಿದರೆ ಸಾಕು, ಹನಿ ಗೋಡೆಯ ತಲೆಗೆ ಇಳಿಯುತ್ತದೆ. ತೊಲೆಯ ತುದಿ ಕುಂಬಾಗುವುದು ಅಲ್ಲಿಯೇ, ಮಣ್ಣಿನ ಗಾರೆ ಮೆತ್ತಗಾಗುವುದೂ ಅಲ್ಲಿಯೇ. ಹಿರಿಯರು ಬೇಸಗೆಯಲ್ಲಿ ಹೆಂಚು ಕೈಯಾಡಿಸುತ್ತಿದ್ದುದು ಸುಮ್ಮನೆಯಲ್ಲ.

ಕಾಂಕ್ರೀಟಿನ ಚಪ್ಪಟೆ ಚಾವಣಿ ಬಂದಮೇಲೆ ಈ ಚಿಂತೆ ತಪ್ಪಿತೆಂದು ಭಾವಿಸಿದೆವು. ತರಗೆಲೆ ಸೇರಿ ನೀರಿನ ಕೊಳವೆ ಕಟ್ಟಿದರೆ, ಆರು ಮೀಟರ್ ಉದ್ದಗಲದ ಕೊಠಡಿಯ ಮೇಲೆ ಹತ್ತು ಸೆಂಟಿಮೀಟರ್ ನಿಂತ ನೀರಿನ ತೂಕ 3,600 ಕಿಲೋಗ್ರಾಂ! ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆಯುತ್ತದೆ. ಗುಡ್ಡ ಕಡಿದು ತಟ್ಟುಮಾಡಿದ ಜಾಗವಾದರೆ ಇನ್ನೊಂದು ಕೇಡು: ಅರ್ಧ ಕಟ್ಟಡ ಗಟ್ಟಿನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣು ಕುಸಿದಾಗ ಗೋಡೆ ಓರೆಯಾಗಿ ಬಿರಿಯುತ್ತದೆ.

ಇವಾವುವೂ ಹಠಾತ್ತನೆ ಆಗುವುದಿಲ್ಲ. ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿ ಗ್ರಾಮದಲ್ಲಿ 2025ರ ಜುಲೈ 25ರಂದು ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಸತ್ತರು. ಮೇಲಿನಿಂದ ಚೂರು ಉದುರುತ್ತಿದೆಯೆಂದು ಮಕ್ಕಳು ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ಬರೆದವು. ಆ ಒಂದು ವಾಕ್ಯ ನನ್ನನ್ನು ಇಂದಿಗೂ ಕಾಡುತ್ತಿದೆ. ತರಗತಿಯಲ್ಲಿ ತಲೆಯೆತ್ತಿ ಚಾವಣಿ ನೋಡುವ ಹುಡುಗನನ್ನು ಗದರಿಸದ ಉಪಾಧ್ಯಾಯರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಗದರಿಸಿದವನೇ.

ನಮ್ಮ ಕಡೆ ಶಾಲೆ ಬಾಗಿಲು ತೆರೆಯುವುದಕ್ಕೂ ಮುಂಗಾರು ಇಳಿಯುವುದಕ್ಕೂ ಹೆಚ್ಚು ದಿನಗಳ ಅಂತರವಿಲ್ಲ. ಆದ್ದರಿಂದ ತಪಾಸಣೆ ನಡೆಯಬೇಕಾದದ್ದು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ. ಅನುಮಾನ ಬಂದ ಕೊಠಡಿಗೆ ಮುಖ್ಯೋಪಾಧ್ಯಾಯರು ಅಂದೇ ಬೀಗ ಹಾಕಲಿ. ಮೇಲಿನಿಂದ ಕಾಗದ ಬರುವವರೆಗೆ ಕಾಯುವುದು ಬೇಡ. ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದ್ದಕ್ಕೆ ಆಕ್ಷೇಪ ಬಂದರೆ ಶಾಲಾಭಿವೃದ್ಧಿ ಸಮಿತಿ ಅವರ ಬೆನ್ನಿಗೆ ನಿಲ್ಲಲಿ. ಬಿರುಕು ಹಳೆಯದೋ ಬೆಳೆಯುತ್ತಿರುವುದೋ ತಿಳಿಯಲು, ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಗೋಡೆ ಅಲುಗಿದೆಯೆಂದು ಅರ್ಥ. ಕೊಠಡಿಯನ್ನು ಆ ದಿನವೇ ತೆರವು ಮಾಡಿ ಎಂಜಿನಿಯರನ್ನು ಕರೆಸಿ.