ಇಟ್ಟಿಗೆಯ ಮಾನ

(ಹೈದರಾಬಾದಿನ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲು, ಗಿರಣಿಗಳಲ್ಲಿ ದುಡಿಯುವ ನಮಗೂ ಶಿಲ್ಪಕಲೆಗೂ ಏನು ನಂಟು ಎಂದು ನೀವು ಕೇಳಬಹುದು. ನಂಟಿದೆ. ಇದೇ ಊರಿನ ಗನ್ ಪಾರ್ಕಿಗೆ ಹೋಗಿ ನೋಡಿರಿ. 1969ರ ತೆಲಂಗಾಣ ಚಳವಳಿಯಲ್ಲಿ ಮಡಿದವರ ನೆನಪಿಗೆ ಶಿಲ್ಪಿ ಎಕ್ಕ ಯಾದಗಿರಿ ರಾಯರು ರಚಿಸಿದ ಸ್ಮಾರಕ ಅಲ್ಲಿದೆ. ಯಾವ ಮುಂದಾಳಿನ ಮುಖವೂ ಅದರಲ್ಲಿಲ್ಲ. ಕಲ್ಲಿನ ಕಂಬ, ತುದಿಯಲ್ಲೊಂದು ಹೂವು. ಆದರೂ ಜನ ಅಲ್ಲಿ ತಲೆಬಾಗುತ್ತಾರೆ.

ಮೂರ್ತಿಯಿಲ್ಲದೆ ಕಲ್ಲು ಮಾತಾಡಬಹುದಾದರೆ ಬರಿಯ ಇಟ್ಟಿಗೆ ಮಾತಾಡಲಾರದೇ? ಅಮೆರಿಕದ ಶಿಲ್ಪಿ ಕಾರ್ಲ್ ಆಂಡ್ರೆಯವರ ಕೆಲಸ ಈ ಪ್ರಶ್ನೆಯನ್ನೇ ಎತ್ತಿತು. 1960ರಿಂದ ನಾಲ್ಕು ವರ್ಷ ಅವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಬ್ರೇಕು ನೋಡಿಕೊಳ್ಳುವ ಕೆಲಸ ಮಾಡಿದವರು. 1966ರಲ್ಲಿ ನ್ಯೂಯಾರ್ಕಿನಲ್ಲಿ ಎಂಟು ಕಡೆ ನೆಲದ ಮೇಲೆ ಇಟ್ಟಿಗೆ ಜೋಡಿಸಿಟ್ಟರು. ಗಾರೆಯಿಲ್ಲ, ಕೆತ್ತನೆಯಿಲ್ಲ. ಒಂದು ಉದ್ದ, ಒಂದು ಅಗಲ; ಆದರೆ ಪ್ರತಿಯೊಂದರಲ್ಲೂ ಎರಡೇ ವರಸೆ, 120 ಇಟ್ಟಿಗೆ. ಆದ್ದರಿಂದಲೇ ಅವುಗಳಿಗೆ 'ಸಮಾನ' ಎಂಬರ್ಥದ ಹೆಸರು. ಆಗ ಕೊಳ್ಳುವವರು ಸಿಗದೆ ಇಟ್ಟಿಗೆಗಳನ್ನು ಮರಳಿಸಿದರು. ಮುಂದೆ ಉರಿ ತಡೆಯುವ ಇಟ್ಟಿಗೆಯಿಂದ ಮತ್ತೆ ಮಾಡಿದರು; ಬಾಯ್ಲರು, ಭಟ್ಟಿಗಳೊಳಗೆ ನಾವು ಕಂಡಿರುವ ಜಾತಿಯದೇ ಅದು. ಎಂಟನೆಯದನ್ನು 1972ರಲ್ಲಿ ಲಂಡನ್ನಿನ ಟೇಟ್ ಕಲಾಶಾಲೆ ಕೊಂಡಿತು. 1976ರಲ್ಲಿ ಅಲ್ಲಿನ ಪತ್ರಿಕೆಗಳು ಕೂಗೆಬ್ಬಿಸಿದವು: ಜನರ ಹಣ ಇಟ್ಟಿಗೆಗೆ ಹೋಯಿತು, ಇದನ್ನು ಯಾವ ಗೌಂಡಿಯಾದರೂ ಮಾಡಿಯಾನು!

ಹಣದ ಪ್ರಶ್ನೆ ನ್ಯಾಯವಾದದ್ದೇ. ದುಡಿದವನು ಲೆಕ್ಕ ಕೇಳಬೇಕು. ಆದರೆ ಎರಡನೆಯ ಮಾತನ್ನು ನಾವು ಒಪ್ಪೆವು. ಗೌಂಡಿ ಮಾಡಬಲ್ಲನೆಂಬುದು ಕೆಲಸಕ್ಕೆ ಕುಂದೇ? ಅವನು ಹಾಕಿದ ವರಸೆ ಸೊಟ್ಟಗಾದರೆ ಎಲ್ಲರೂ ಬಯ್ಯುತ್ತಾರೆ. ನೆಟ್ಟಗಿದ್ದರೆ ಯಾರೂ ನೋಡುವುದಿಲ್ಲ. ಗಿಲಾವು ಮಾಡುವ ಮುನ್ನ ಆ ವರಸೆಯನ್ನೊಮ್ಮೆ ನೋಡಿರೆಂಬುದೇ ನಮಗೆ ಆ ಶಿಲ್ಪದಿಂದ ಸಿಗುವ ಪಾಠ.

ಈ ಊರಿನ ಎಷ್ಟೋ ಮನೆ, ಹೋಟೆಲುಗಳ ನೆಲಕ್ಕೆ ಹಾಸಿರುವುದು ನಮ್ಮ ಕಲಬುರಗಿ ಸೀಮೆಯ ಶಹಾಬಾದಿ ಫರಸಿ. ದಿನವೂ ಅದನ್ನು ತೊಳೆಯುತ್ತೇವೆ, ತುಳಿಯುತ್ತೇವೆ. ಗಣಿಯಿಂದ ಎತ್ತಿದವರು ಯಾರು, ಮಟ್ಟ ನೋಡಿ ಕೂಡಿಸಿದವರು ಯಾರು ಎಂದು ಕೇಳುವುದಿಲ್ಲ. ಬಾಗಿಲ ಬಳಿಯ ಫಲಕದಲ್ಲಿ ಉದ್ಘಾಟಿಸಿದವರ ಹೆಸರು ಮಾತ್ರ ಇರುತ್ತದೆ.

ಆದ್ದರಿಂದ ನಮ್ಮದೊಂದು ಸೂಚನೆ. ಮುಂದೆ ನಮ್ಮ ಸಂಘಕ್ಕೊಂದು ಸ್ವಂತ ಕಟ್ಟಡವಾದರೆ, ಉದ್ಘಾಟಕರ ಹೆಸರಿನ ಕೆಳಗೆ ಗೌಂಡಿಗಳ, ಬಿಗಾರಿಗಳ ಹೆಸರೂ ಇರಲಿ. ಅಕ್ಷರದ ಗಾತ್ರವೂ ಸಮಾನವಾಗಿರಲಿ.